ಪಟ್ಟೆ ಬೊಗಳುತ್ತಿಲ್ಲ

ಪ್ರೀತಿಯ ಅಣ್ಣಾ,

ಈಗ ಎರಡೂವರೆ ಗಂಟೆ. ನಡುಮನೆಯಲ್ಲಿ ಟಕ್ ಟಕ್ ಎಂದು ಉಗುರಿನ ಸದ್ದು ಕೇಳಿ ಎಚ್ಚರವಾಯಿತು. ಆ ಸದ್ದು ನಮ್ಮ ಕೋಣೆಯ ಬಾಗಿಲಿನವರೆಗೆ ಬಂದು ನಿಂತುಬಿಟ್ಟಿತು. ಚಿಲಕ ಹಾಕಿದ್ದೇನೆ. ಕೆಳಗಿನ ಸಂದಿಯಲ್ಲಿ ನಿನ್ನ ನಾಯಿ ಪಟ್ಟೆಯ ಮುಂಗಾಲುಗಳ ನೆರಳು ಕಾಣುತ್ತಿದೆ, ಅಲ್ಲಾಡುತ್ತಿಲ್ಲ. ಪುಟ್ಟಿ ನನ್ನ ತೋಳಿನ ಮೇಲೆ ಬಾಯಿ ತೆರೆದು ಮಲಗಿದ್ದಾಳೆ. ನಿನ್ನ ಹಡಗು ಬಂದರಿಗೆ ಬಂದಿದೆ ಎಂದು ಅತ್ತಿಗೆ ಹೇಳಿದಳು, ಅದಕ್ಕೇ ಒಂದೇ ಕೈಯಲ್ಲಿ ಫೋನಿನಲ್ಲಿ ಬರೆಯುತ್ತಿದ್ದೇನೆ.

ನೀನು ಹಡಗಿನ ಅಡುಗೆ ಕೆಲಸಕ್ಕೆ ಹೊರಟ ದಿನ ಪಟ್ಟೆಯ ಹಗ್ಗವನ್ನು ನನ್ನ ಕೈಗಿಟ್ಟು ಏನು ಹೇಳಿದ್ದೆ, ನೆನಪಿದೆಯಾ? "ಜಪಾನಿನ ಬೆಟ್ಟದಲ್ಲಿ ಕಾಡುಹಂದಿ ಅಟ್ಟೋ ತಳಿ ಕಣೇ ಇದು. ಬೊಗಳಿದ್ರೆ ಹೆದರಬೇಡ, 'ಇಲ್ಲೇನೋ ಇದೆ, ಬಾ' ಅಂತ ಕರೀತಾನೆ ಅಷ್ಟೆ. ದಿಟ್ಟಿಸಿಕೊಂಡು ಸುಮ್ನಾದ್ರೆ ಮಾತ್ರ ಹುಷಾರು, ಮೇಲೆ ಬೀಳ್ತಾನೆ." ನಾನು ನಕ್ಕಿದ್ದೆ. "ಬೊಗಳೋ ನಾಯಿ ಕಚ್ಚಲ್ಲ ಅನ್ನೋದಕ್ಕೆ ಇಷ್ಟುದ್ದ ಭಾಷಣವಾ?" ಎಂದಿದ್ದೆ.

ಮೊದಲೆಲ್ಲ ಬೆಳಗಿನ ಓಟದಲ್ಲಿ ನಾನು ಅವನನ್ನು ಓಡಿಸುತ್ತಿದ್ದೆನೋ ಅವನು ನನ್ನನ್ನೋ, ದೇವರಿಗೇ ಗೊತ್ತು. ಪುಟ್ಟಿ ಹುಟ್ಟಿದ ಮೇಲೆ ಓಟ ನಿಂತಿತು, ಬೊಗಳಾಟ ಶುರುವಾಯಿತು. ಲಿಫ್ಟಿಗೆ, ಪಾರಿವಾಳಕ್ಕೆ, ಒಗೆದ ಬಟ್ಟೆ ಗಾಳಿಗೆ ಆಡಿದ್ದಕ್ಕೆ. ಕೆಳಮನೆಯಾಕೆ ಮೆಟ್ಟಿಲಲ್ಲೇ ತಡೆದು, "ಅಳೋ ಮಗು, ಬೊಗಳೋ ನಾಯಿ, ಯಾವುದಾದ್ರೂ ಒಂದು ಇಟ್ಕೊಳ್ಳಿ ತಾಯಿ" ಎಂದರು. ನಾಚಿಕೆಯಾಯಿತು. ಪಟ್ಟೆ ಬಾಯಿ ಮುಚ್ಚಿದಾಗಲೆಲ್ಲ ಒಂದು ತುಂಡು ಬೇಯಿಸಿದ ಕೋಳಿ ಕೊಟ್ಟೆವು. ಒಂದೇ ತಿಂಗಳಲ್ಲಿ ಕಲಿತುಬಿಟ್ಟ. ಎಂಥ ಜಾಣ ಎಂದು ನಾವಿಬ್ಬರೂ ಬೀಗಿದೆವು!

ಈಗ ಪುಟ್ಟಿ ಅಂಬೆಗಾಲಿಡುತ್ತಾಳೆ. ಮಡಿಲಲ್ಲಿದ್ದಾಗ ಅವಳನ್ನು ಮೂಸಿಯೂ ನೋಡದವನು ಈಗ ತಲೆ ತಗ್ಗಿಸಿ, ಬಾಲ ಸೆಟೆಸಿ, ಹಿಂದೆಯೇ ಹೋಗುತ್ತಾನೆ. ನಿನ್ನೆ ಸಂಜೆ ಚೆಂಡಿನ ಹಿಂದೆ ಅವಳು ಮೇಜಿನ ಕೆಳಗೆ ನುಸುಳಿದಾಗ, ಫ್ರಾಕಿನ ಬೆನ್ನನ್ನು ಬಾಯಲ್ಲಿ ಹಿಡಿದು ನಿಂತುಬಿಟ್ಟ. ಹಲ್ಲು ತಾಗಿಲ್ಲ. ಅವಳು ಕಿಲಕಿಲ ನಗುತ್ತಿದ್ದಳು. ಸ್ನಾನ ಮುಗಿಸಿ ಬಂದ ಅವಳಪ್ಪ ಅದನ್ನು ನೋಡಿ, "ಇವತ್ತು ಫ್ರಾಕು, ನಾಳೆ ಕುತ್ತಿಗೆ" ಎಂದವರೇ ಗೆಳೆಯನಿಗೆ ಫೋನು ಹಚ್ಚಿದರು. ಬೆಳಿಗ್ಗೆ ಆರಕ್ಕೆ ಆತ ವ್ಯಾನು ತರುತ್ತಾನೆ. ಪಟ್ಟೆ ಇನ್ನು ಅವನ ಕೋಳಿ ಫಾರಂ ಕಾಯಬೇಕಂತೆ, ಸರಪಳಿಯಲ್ಲಿ. ಕೋಳಿ ತಿನ್ನಿಸಿ ಮೂಗನನ್ನಾಗಿ ಮಾಡಿದವನನ್ನು ಕೋಳಿ ಕಾಯಲು!

ಅವರನ್ನು ಬೈಯಲಾರೆ ಅಣ್ಣಾ. ಅವರಿಗಿಂತ ನನಗೇ ಹೆಚ್ಚು ಭಯ. ಅವನು ಪುಟ್ಟಿಯನ್ನು ಕಾಯುತ್ತಿದ್ದಾನೋ, ಹೊಂಚು ಹಾಕಿದ್ದಾನೋ? ನೀನು ಹೇಳಿಕೊಟ್ಟದ್ದು ಒಂದೇ ಗುರುತು. ಅದನ್ನು ನಾವೇ ಅಳಿಸಿದೆವು. ಕಾಡಿನ ಮೌನ ಯಾವುದು, ಕೋಳಿ ತುಂಡಿನ ಮೌನ ಯಾವುದು, ನನಗೆ ತಿಳಿಯುತ್ತಿಲ್ಲ. ನಾಯಿಯನ್ನು ಉಳಿಸಿಕೊಂಡು ಮಗುವಿಗೇನಾದರೂ ಆದರೆ? ಏನೂ ಅರಿಯದ ಜೀವವನ್ನು ಸರಪಳಿಗೆ ಕೊಟ್ಟರೆ?

ಇದನ್ನು ಓದಿದ ತಕ್ಷಣ ಫೋನ್ ಮಾಡು. ಸ್ಪೀಕರ್ ಹಾಕಿ ಬಾಗಿಲ ಸಂದಿಯಲ್ಲಿ ಇಡುತ್ತೇನೆ. ನಮ್ಮೂರ ಬೆಟ್ಟಕ್ಕೆ ಕರೆದೊಯ್ದಾಗ ಕೂಗುತ್ತಿದ್ದೆಯಲ್ಲ, ಹಾಗೇ ಅವನನ್ನು ಕೂಗು. ಒಂದೇ ಒಂದು ಸಲ ಬೊಗಳಲಿ. ಕೆಳಮನೆಯವರು ಎದ್ದರೆ ಏಳಲಿ, ಆ ದನಿ ಎಂಥದೆಂದು ನೀನು ಕೇಳಿ ಹೇಳು. ನೀನು ತೆಗೆ ಎಂದರೆ ಚಿಲಕ ತೆಗೆಯುತ್ತೇನೆ.

ಸಮುದ್ರ ನಿನ್ನನ್ನು ಸುಖವಾಗಿಟ್ಟಿರಲಿ. ಆರಕ್ಕೆ ಮುಂಚೆ, ಅಣ್ಣಾ, ದಮ್ಮಯ್ಯ, ಆರಕ್ಕೆ ಮುಂಚೆ ಫೋನ್ ಮಾಡು.

ನಿದ್ದೆಯಿಲ್ಲದ
ನಿನ್ನ ತಂಗಿ