ನಿನ್ನ ಮನೆ ಇದ್ದ ಜಾಗದ ಬಿಸಿಲು

ಟರ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಅಕ್ಟೋಬರ್ 6, 1968

ಪ್ರೀತಿಯ ತಂಗಿ ಸಲೀನಾ,

ನೀನು, ನಿನ್ನ ಗಂಡ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. ಮೇ ತಿಂಗಳಿಂದ ಈ ಕೈ ಗುದ್ದಲಿ ಬಿಟ್ಟಿಲ್ಲ, ಆ ಹಳೆಯ ಕೆಮ್ಮು ನನ್ನನ್ನು ಬಿಟ್ಟಿಲ್ಲ. ಇವತ್ತು ಭಾನುವಾರ, ಗುದ್ದಲಿ ಹಿಡಿದರೆ ಪಾದ್ರಿ ಇಲ್ಲದ ಊರಲ್ಲೂ ಪಾಪ ಸುತ್ತಿಕೊಳ್ಳುತ್ತದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಹೋದ ವರ್ಷ ನೀವು ಮರದ ಮನೆಯ ತಳಕ್ಕೆ ಖಾಲಿ ಪೀಪಾಯಿ ಕಟ್ಟಿ, ಮನೆಯನ್ನೇ ನೀರಿಗಿಳಿಸಿ ತೇಲಿಸಿ, ದೋಣಿಗಳಿಂದ ಕೊಲ್ಲಿಯಾಚೆಗೆ ಎಳೆದುಕೊಂಡು ಹೋದಿರಲ್ಲ, ಅವತ್ತು ನಾನು ದಡಕ್ಕೆ ಬರಲಿಲ್ಲ. ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಮಾರನೆಯ ದಿನ ಹೊರಗೆ ಬಂದು ನೋಡಿದರೆ ನಿನ್ನ ಮನೆ ಇದ್ದಲ್ಲಿ ಬಿಸಿಲು ಬಿದ್ದಿತ್ತು. ನಮ್ಮೂರಿನ ಬಿಸಿಲು ನಿನಗೆ ಗೊತ್ತು. ಹತ್ತಕ್ಕೆ ಬಂದು ಮೂರಕ್ಕೆ ಬಂಡೆಯ ಹಿಂದೆ ಹೋಗುತ್ತದೆ, ಅದೂ ಮಂಜು ದಯೆ ತೋರಿದ ದಿನ. ಇದ್ದ ಒಂದೇ ಬೆಚ್ಚನೆಯ ತುಂಡು ನೆಲದ ಮೇಲೆ ನಿನ್ನ ಮನೆ ಮೂವತ್ತು ವರ್ಷ ಕೂತಿತ್ತು.

ಏಪ್ರಿಲ್‌ನಲ್ಲಿ ಊರು ಬಿಡಿಸುವ ಆ ಸರ್ಕಾರಿ ಅಧಿಕಾರಿ ಮತ್ತೆ ಬಂದ. ಶಾಲೆ ಮುಚ್ಚಿದ್ದಾಯಿತು, ಅಂಗಡಿ ಮುಚ್ಚಿದ್ದಾಯಿತು, ಇನ್ನು ಊರನ್ನೇ ಮುಚ್ಚಿ ಎಲ್ಲರೂ ಕೊಲ್ಲಿಯಾಚೆ ನೀವಿರುವಲ್ಲಿಗೆ ಬರಬೇಕಂತೆ. ಉಳಿದಿರುವುದು ಹತ್ತು ಮನೆ. ಒಂಬತ್ತು ಮನೆಯ ಯಜಮಾನರು ರುಜು ಹಾಕಿದರೆ ಮುಗಿಯಿತು. "ಒಂದು ಆಲೂಗಡ್ಡೇನೂ ಬೆಳೆಯದ ಜಾಗ ಇದು. ಅಂಗಡೀನೂ ಇಲ್ಲ. ಏನ್ ತಿಂದ್ಕೊಂಡು ಇರ್ತೀರಿ?" ಎಂದ. ಕಡಲಲ್ಲಿ ಸಾವಿನ ಕುತ್ತಿಗೆ ಪಟ್ಟಿ ಹಿಡಿಯುವ ನಮ್ಮ ಗಂಡಸರು ಟೈ ಕಟ್ಟಿದವನೆದುರು ತಂತಮ್ಮ ಬೂಟು ನೋಡಿಕೊಂಡು ಕೂತರು. ನಾನು ಎದ್ದು ಹೇಳಿದೆ, "ಅಕ್ಟೋಬರ್‌ನಲ್ಲಿ ಬನ್ನಿ, ತೋರಿಸ್ತೀನಿ."

ಹೇಳುವಾಗ ನನಗೆ ತೋಟದ ತಲೆಬುಡ ಗೊತ್ತಿರಲಿಲ್ಲ. ನಮ್ಮೂರಲ್ಲಿ ಗಡ್ಡೆ ಎಂದರೆ ಅಂಗಡಿಯಿಂದ ಬರುವುದು ತಾನೇ? ನಿನ್ನ ನೆಲದಲ್ಲಿ ಮಣ್ಣು ಒಂದೇ ಗೇಣು, ಅದರಡಿ ಕಲ್ಲು. ಸುತ್ತಲಿನ ಹುಲ್ಲುಹೆಂಟೆ ಮಗುಚಿ ಹಾಕಿ ಏರುಮಡಿ ಕಟ್ಟಿದೆ. ಆಂಬ್ರೋಸ್ ದಡದಿಂದ ಕಡಲಪಾಚಿ ಹೊತ್ತು ತಂದ. ನನ್ನ ಗಂಡ ಮಾತು ಕಡಿಮೆ, ಹೊರೆ ಜಾಸ್ತಿ, ನಿನಗೆ ಗೊತ್ತಲ್ಲ. ಮೀನು ಹೂತರೆ ಗಡ್ಡೆ ದಪ್ಪವಾಗುತ್ತದೆಂದು ಕೇಳಿದ್ದೆ. ಕೇಪ್ಲಿನ್ ಮೀನು ದಡಕ್ಕೆ ಬರಲು ಇನ್ನೂ ಒಂದು ತಿಂಗಳಿತ್ತು, ನನಗೋ ತಾಳ್ಮೆ ಇರಲಿಲ್ಲ. ಹಿಂದಿನ ವರ್ಷದ ಪೀಪಾಯಿಯಲ್ಲಿ ಉಳಿದ ಮೀನನ್ನೇ ಮಡಿಗೆ ಸುರಿದು, ಮನೆಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಬೀಜವಾಗಿ ನೆಟ್ಟೆ.

ಉಪ್ಪು ಹಾಕಿದ ಮೀನು, ಸಲೀನಾ. ಹುಟ್ಟಿದಾಗಿನಿಂದ ಎಲ್ಲಕ್ಕೂ ಉಪ್ಪು ಹಾಕಿ ಇಟ್ಟವರು ನಾವು. ಉಪ್ಪು ಕೊಲ್ಲುತ್ತದೆಂದು ಹೊಳೆಯಲೇ ಇಲ್ಲ. ಜೂನ್‌ನಲ್ಲಿ ಬಗೆದು ನೋಡಿದರೆ ಬೀಜವೆಲ್ಲ ಕಪ್ಪಾಗಿ ಕೊಳೆತಿತ್ತು. ಗಿಡಿಯನ್ ಅಜ್ಜ ಬೇಲಿಗೆ ಒರಗಿ, "ಆಲೂಗಡ್ಡೆ ಬೆಳೀತಿದೀಯೋ, ಉಪ್ಪಿನಕಾಯಿ ಹಾಕ್ತಿದೀಯೋ ಮಾರಾಯ್ತಿ?" ಎಂದ.

"ನಗು ಅಜ್ಜ, ನಗು. ನಿನ್ನ ಬಾಯಲ್ಲಿ ಹಲ್ಲಾದ್ರೂ ಎಲ್ಲಿದೆ ತಿನ್ನೋಕೆ?" ಎಂದೆ.

ಮುದುಕ ಸಂಜೆ ಬಕೆಟ್ ಹಿಡಿದು ಬಂದ. ಹತ್ತು ದಿನ ತೊರೆಯ ನೀರು ಹೊಯ್ದು ಹೊಯ್ದು ಮಣ್ಣಿನ ಉಪ್ಪು ತೊಳೆದೆವು. ಬೀಜ ಮುಗಿದಿತ್ತು. ಆಗ ಹೆಂಗಸರು ಒಬ್ಬೊಬ್ಬರಾಗಿ ಬಂದರು, ಯಾರ ಗಂಡಂದಿರು ರುಜು ಹಾಕಿದ್ದರೋ ಅವರೇ. ಏಪ್ರನ್ನಿನಲ್ಲಿ ಆಲೂಗಡ್ಡೆ ಸಿಪ್ಪೆ, ಮೊಳಕೆಯೊಡೆಯುವ ಕಣ್ಣು ಇರುವಲ್ಲಿ ದಪ್ಪಗೆ ಹೆರೆದದ್ದು. "ನಮ್ಮೆಜಮಾನ್ರಿಗೆ ಹೇಳ್ಬೇಡ, ಸೂಪು ತೆಳ್ಳಗಾಯ್ತು ಅಂತ ಗೊಣಗ್ತಾರೆ" ಎಂದಳೊಬ್ಬಳು. ಆ ಸಿಪ್ಪೆಗಳನ್ನೇ ನೆಟ್ಟೆ. ಆ ವಾರವೇ ಕೇಪ್ಲಿನ್ ದಡಕ್ಕೆ ಬಂತು. ಈ ಸಲ ಹಸಿ ಮೀನು ಹೂತೆ. ಮಡಿಯ ಸುತ್ತ ಕರಿಕಲ್ಲು ಜೋಡಿಸಿದೆ, ಮೂರು ಗಂಟೆಗೆ ಹೋಗುವ ಬಿಸಿಲನ್ನು ಐದರವರೆಗೆ ಹಿಡಿದಿಡಲಿ ಎಂದು. ಮುಚ್ಚಿದ ಶಾಲೆಯ ಕಿಟಕಿಗಳನ್ನು ಕಿತ್ತು ತಂದು ಎಲೆಕೋಸಿನ ಸಸಿಗಳ ಮೇಲೆ ಗಾಜಿನ ಮುಚ್ಚಳ ಮಾಡಿದೆ. ಕಳ್ಳತನ ಅಂದವರಿಗೆ, ಮಕ್ಕಳನ್ನು ಕದ್ದವರು ಯಾರು ಎಂದು ಕೇಳಿದೆ.

ಗುರುವಾರ ಅಧಿಕಾರಿ ಬಂದ. ಬೂಟಿಗೆ ಮಣ್ಣು ತಾಗದ ಹಾಗೆ ಕಲ್ಲಿನ ಮೇಲೆ ನಿಂತ. ನಾನು ಒಂದು ಗಿಡ ಕಿತ್ತೆ. ಒಂಬತ್ತು ಗಡ್ಡೆ, ಕೆಲವು ಗೋಲಿಯಷ್ಟು, ಎರಡು ನನ್ನ ಮುಷ್ಟಿಯಷ್ಟು.

"ಇದರಲ್ಲಿ ಚಳಿಗಾಲ ಕಳೆಯುತ್ತಾ ಅಮ್ಮ?" ಎಂದ.

"ಕಳೆಯಲ್ಲ. ಆದ್ರೆ ನೀವು ಬೆಳೆಯಲ್ಲ ಅಂದಿದ್ರಿ."

ಗಿಡಿಯನ್ ಅಜ್ಜ ಗಡ್ಡೆ ಎತ್ತಿ ಹಿಡಿದು, "ನಿಮಗೆ ಒಂಬತ್ತು ಬೇಕಿತ್ತಲ್ಲ ಸಾಹೇಬ್ರೇ, ತಗೊಂಡ್ಹೋಗಿ" ಎಂದ. ಎಲ್ಲರೂ ನಕ್ಕರು. ನನಗೆ ಗೊತ್ತಿದ್ದಂತೆ ಅಜ್ಜನದೂ ನಮ್ಮದೂ ಎರಡು ಮನೆ ರುಜು ಹಾಕಿರಲಿಲ್ಲ. ಸಾಹೇಬರ ರುಜುಗಳ ಲೆಕ್ಕ ಎಂಟನ್ನು ದಾಟುವ ಹಾಗಿರಲಿಲ್ಲ. ಅಧಿಕಾರಿ ನಗಲಿಲ್ಲ. ಚೀಲದಿಂದ ಕಾಗದ ತೆಗೆದು ಆಂಬ್ರೋಸ್‌ನ ಮುಖ ನೋಡಿದ. ಆಂಬ್ರೋಸ್ ಬುಟ್ಟಿ ಕೆಳಗಿಟ್ಟು ದೋಣಿಯ ಕಡೆ ನಡೆದ.

ಈ ಕಾಗದದ ಜೊತೆ ಆರು ಗಡ್ಡೆ ಕಳಿಸುತ್ತಿದ್ದೇನೆ. ನಿನ್ನ ಅಡುಗೆಮನೆ ಇದ್ದ ಜಾಗದಲ್ಲಿ ಬೆಳೆದವು. ನಿನ್ನ ಮೇಲಿನ ಸಿಟ್ಟು ಅಗೆಯುತ್ತ ಅಗೆಯುತ್ತ ಹೋಯಿತು. ಮಕ್ಕಳಿಗೆ ಬೇಯಿಸಿ ಹಾಕು. ದೇವರು ನಿಮ್ಮ ಒಲೆ ಆರಿಸದಿರಲಿ, ನಿಮ್ಮ ಬೆನ್ನು ಬಾಗಿಸದಿರಲಿ.

ನಿನ್ನ ಅಕ್ಕ,
ಟ್ರೈಫೀನಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ಆಗಲಿಲ್ಲ. ಅಧಿಕಾರಿ ಚೀಲದಿಂದ ತೆಗೆದ ಆ ಕಾಗದದಲ್ಲಿ ಒಂಬತ್ತು ರುಜು ಇದ್ದವು. ಎಲ್ಲಕ್ಕಿಂತ ಮೇಲಿನದು, ಏಪ್ರಿಲ್‌ನದು, ಆಂಬ್ರೋಸ್‌ನದು. ರುಜು ಹಾಕಲು ಯಜಮಾನನಿಗೆ ಒಂದು ಗೆರೆ ಇದೆ. ಅಗೆದವಳಿಗೆ ಅದರಲ್ಲಿ ಗೆರೆಯೇ ಇಲ್ಲ. ಯಾಕೆ ಎಂದು ಕೇಳಿದೆ. "ನಿನ್ನ ಕೆಮ್ಮಿಗೆ ಅಲ್ಲಿ ಡಾಕ್ಟರ್ ಇದಾರೆ" ಎಂದ. ಹಾಗಾದರೆ ಬೇಸಿಗೆ ಪೂರ್ತಿ ಪಾಚಿ ಹೊತ್ತದ್ದು ಯಾಕೆ ಎಂದೆ. ಕೈಯಲ್ಲಿದ್ದ ಬಲೆ ಕೆಳಗಿಟ್ಟು, "ಬೆಳೆಯಲ್ಲ ಅಂದ್ಕೊಂಡಿದ್ದೆ. ಸೋತು ನೀನೇ ಹೊರಡ್ತೀಯ ಅಂದ್ಕೊಂಡಿದ್ದೆ" ಎಂದ.

ವಸಂತದಲ್ಲಿ ಅವನು ನಮ್ಮ ಮನೆಗೂ ಪೀಪಾಯಿ ಕಟ್ಟುತ್ತಾನೆ. ಕಟ್ಟಲಿ, ಮನೆ ಅವನ ಹೆಸರಲ್ಲಿದೆ. ಊರು ಬಿಡದ ಗಿಡಿಯನ್ ಅಜ್ಜನ ಮಹಡಿಯ ಕೋಣೆ ನನಗಾಗಿ ಖಾಲಿ ಇದೆ. ಬೀಜದ ಗಡ್ಡೆಗಳನ್ನು, ಅಂಗಡಿಯ ಗಡ್ಡೆ ಚಳಿಗೆ ಕೆಡದಿರಲೆಂದು ಅಪ್ಪ ಗುಡ್ಡಕ್ಕೆ ಕೊರೆದ ಹಗೇವಿನಲ್ಲಿ ಮುಚ್ಚಿಟ್ಟಿದ್ದೇನೆ. ಮನೆ ತೇಲುತ್ತದೆ, ಹಗೇವು ತೇಲುವುದಿಲ್ಲ. ನಮ್ಮ ಮನೆ ಎದ್ದ ಮೇಲೆ ಉಳಿಯುವ ಜಾಗ ಅಳೆದು ನೋಡಿದೆ, ನಾಲ್ಕು ಮಡಿಗೆ ಸಾಕು. ಬಿಸಿಲು ನಿನ್ನ ಜಾಗಕ್ಕಿಂತ ಕಡಿಮೆ. ಎಲೆಕೋಸು ಆಗುತ್ತದೆ.