ನಿನ್ನ ಹೆಸರು ಬರೆದ ಸೀಸೆ

ತಮ್ಮಾ,

ನಿನ್ನ ಹೆಂಡತಿ ಇವತ್ತು ಆಸ್ಪತ್ರೆಗೆ ಬಂದಿದ್ದಳು. ಡಯಾಲಿಸಿಸ್ ಯಂತ್ರ ನನ್ನ ರಕ್ತ ತೊಳೆಯುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತಳು. "ಅತ್ತಿಗೆ, ಇವ್ರಿಗೆ ಮೊದ್ಲೇ ಗೊತ್ತಿತ್ತು" ಎಂದು ಎಲ್ಲವನ್ನೂ ಬಾಯಿಬಿಟ್ಟಳು. ಅವಳ ಮೇಲೆ ಕೂಗಾಡಬೇಡ. ನಿನಗಿಲ್ಲದ ನಾಚಿಕೆ ಅವಳಿಗಾದರೂ ಇದೆ.

ಆ ಬೆಳಿಗ್ಗೆ ನೆನಪಿದೆಯೇ? ಬಸ್ ಡ್ರೈವರ್ ಕೆಲಸಕ್ಕೆ ನಿನ್ನ ಆರೋಗ್ಯ ತಪಾಸಣೆ ಇತ್ತು. ಹಿಂದಿನ ದಿನ ನೀನು ಗೆಳೆಯರ ಜೊತೆ ಕಂಠಪೂರ್ತಿ ಕುಡಿದಿದ್ದೆ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೇನೆಂಬ ಭಯ ನಿನಗೆ. ಬಚ್ಚಲ ಬಾಗಿಲಲ್ಲಿ ಖಾಲಿ ಸೀಸೆ ಹಿಡಿದು ಹಲ್ಲು ಗಿಂಜಿದೆ: "ಅಕ್ಕಾ, ನಿಂದು ಎಳನೀರಿದ್ದ ಹಾಗಿರತ್ತೆ. ಸ್ವಲ್ಪ ಕೊಡೇ." ನಾನು ಬೈದೆ, ನಕ್ಕೆ, ತುಂಬಿಸಿ ಕೊಟ್ಟೆ. ನೀನು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋದೆ.

ಅಲ್ಲಿನ ಡಾಕ್ಟರು ನಿನಗೆ ಹೇಳಿದರಂತೆ: "ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಕಣಪ್ಪ. ಕಿಡ್ನಿ ತೊಂದರೆ ಈಗ ಶುರುವಾಗಿರ್ಬಹುದು, ಮಾತ್ರೆ ತಗೊಂಡ್ರೆ ತಡೀಬಹುದು. ಯಾವುದಕ್ಕೂ ಇನ್ನೊಂದ್ಸಲ ನೋಡೋಣ." ಎರಡನೇ ಸಲ ಕುಡಿಯದೆ ಹೋಗಿ ನಿನ್ನದನ್ನೇ ಕೊಟ್ಟೆ, ಪಾಸಾದೆ. ಮನೆಗೆ ಬಂದು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದೆ. ನಿಜ ಹೇಳಿದರೆ ಮೋಸ ಹೊರಬಿದ್ದು ಕೆಲಸ ಹೋಗುತ್ತದೆಂದು ನೀನು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಕಾಲು ಊದಿ ನನಗೆ ಚಪ್ಪಲಿ ಹಿಡಿಯದಾದಾಗ, "ಹೊಲಿಗೆ ಮಿಷನ್ ತುಳಿದೂ ತುಳಿದೂ ಹೀಗಾಗಿದೆ, ಎಣ್ಣೆ ಹಚ್ಕೋ" ಅಂದೆಯಲ್ಲೋ ಪಾಪಿ! ಎಣ್ಣೆಯನ್ನೂ ನೀನೇ ತಂದುಕೊಟ್ಟೆ.

ಇಲ್ಲಿನ ಡಾಕ್ಟರಮ್ಮ, "ಮೊದ್ಲೇ ಒಂದು ಯೂರಿನ್ ಟೆಸ್ಟ್ ಮಾಡ್ಸಿದ್ರೆ ಸಾಕಿತ್ತಲ್ಲಮ್ಮಾ" ಅಂದಾಗ ನನ್ನ ದಡ್ಡತನಕ್ಕೆ ನಾನೇ ತಲೆ ತಗ್ಗಿಸಿದ್ದೆ. ಟೆಸ್ಟ್ ಆಗಿಯೇ ಇತ್ತು ನೋಡು.

ಈಗ ನಿನ್ನ ಒಂದು ಕಿಡ್ನಿ ಕೊಡುತ್ತೀಯಂತೆ, ಅವಳ ಕೈಲಿ ಹೇಳಿ ಕಳಿಸಿದ್ದೀಯ. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಾನು ಬದುಕಬೇಕು. ತೆಗೆದುಕೊಳ್ಳುತ್ತೇನೆ. ಆದರೆ ಅದು ನನ್ನ ಹೊಟ್ಟೆಯೊಳಗೆ ಕೂತ ಮೇಲೂ ನಿನ್ನನ್ನು ಕ್ಷಮಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ಬಾ. ಕೊಡುವವರಿಗೂ ಮೊದಲು ಮೂತ್ರ ಪರೀಕ್ಷೆಯಂತೆ. ಈ ಸಲ ಸೀಸೆಗೆ ನಿನ್ನದನ್ನೇ ತುಂಬಿಸು. ನನ್ನ ಹತ್ತಿರ ಈಗ ಒಂದು ಹನಿಯೂ ಇಲ್ಲ.

ಅಲ್ಲಿಯವರೆಗೆ ಕುಡಿಯಬೇಡ, ಬಸ್ಸು ನಿಧಾನವಾಗಿ ಓಡಿಸು. ನಿನ್ನ ಆರೋಗ್ಯ ಚೆನ್ನಾಗಿರಲಿ, ಅದೀಗ ನನಗೆ ಬೇಕು.

ನಿನ್ನ ಅಕ್ಕ