ಆ ಟೀ ಚೆಲ್ಲಿದ್ದು ಹೇಗೆಂದರೆ

ಮಾಗಡಿ
ಜೂನ್ 2008

ಸುಹಾನಾ,

ನಿನ್ನೆ ನೀನು ಫೋನು ಮಾಡಿ, "ನಮ್ ಸೆಕ್ಷನ್‌ಗೆ ಒಬ್ರು ಬೇಕು ಕಣೇ ಭಾನು, ನಿನ್ ಹೆಸ್ರು ಕೊಟ್ಟಿದೀನಿ, ಸೋಮವಾರ ಬಂದ್ಬುಡು" ಅಂದೆ. ಬಿಡದಿ ಕಾರ್ಖಾನೆಯಲ್ಲಿ ಕೆಲಸ! ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನು ಮಾತ್ರ ಈ ಕಾಗದ ಬರೆಯಲು ಕೂತೆ. ಬರುವ ಮೊದಲು ನಿನಗೊಂದು ವಿಷಯ ಹೇಳಲೇಬೇಕು. ಎದುರು ನಿಂತು ಹೇಳುವ ಧೈರ್ಯವಿಲ್ಲ.

ಚೆಲುವಯ್ಯ ಸರ್ ಕಂಪ್ಯೂಟರ್ ಸೆಂಟರ್‌ಗೆ ನಾನು ನಿನಗಿಂತ ಒಂದು ವರ್ಷ ಮೊದಲು ಸೇರಿದವಳು. ಟೈಪಿಂಗಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನೀನು ಬಂದ ಮೂರೇ ತಿಂಗಳಿಗೆ ಪ್ರಿಂಟರ್ ಕಾಗದ ಕಚ್ಚಿಕೊಂಡರೂ ಸುಹಾನಾ, ಮೌಸ್ ಕೈಕೊಟ್ಟರೂ ಸುಹಾನಾ. ನಿಮ್ಮಪ್ಪ ಬಾಬಾಜಾನ್ ಅವರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಪಳಗಿದ ಕೈ ನಿನ್ನದು. "ಒಸಿ ಆ ಹುಡ್ಗೀನ ನೋಡಿ ಕಲ್ತ್ಕೊ" ಎಂದು ಸರ್ ಎಲ್ಲರೆದುರು ಅಂದ ದಿನ ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮನೆಗೆ ಹೋದೆ.

ಬಿಡದಿ ಕಾರ್ಖಾನೆಯವರು ಸರ್ ಹತ್ತಿರ ಕೆಲಸಕ್ಕೆ ಒಬ್ಬಳನ್ನು ಕೇಳಿದ್ದ ವಾರವದು. ಮಾನಿಟರ್ ಕೆಳಗೆ ಅಡ್ಡ ಮಲಗಿಸಿದ್ದ ಸಿಪಿಯು ಮೇಲೆ ನೀನು ಟೀ ಲೋಟ ಇಟ್ಟಿದ್ದೆ. ಫೈಲು ಎಳೆಯುವಾಗ ನನ್ನ ಮೊಣಕೈ ತಾಗಿತು. ಅದು ಬೇಕೆಂದು ಮಾಡಿದ್ದಲ್ಲ. ಆದರೆ ಲೋಟ ವಾಲಾಡಿತು, ತಕ್ಷಣ ಬೀಳಲಿಲ್ಲ. ನನ್ನ ಎಡಗೈ ಖಾಲಿ ಇತ್ತು. ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಟೀ ಪೂರ್ತಿ ಗಾಳಿಕಿಂಡಿಯೊಳಗೆ ಇಳಿದು ಪರದೆ ಕಪ್ಪಾಗುವುದನ್ನು ನೋಡುತ್ತ ನಿಂತೆ.

"ಅರವತ್ತು ಮಕ್ಕಳ ಪರೀಕ್ಷೆ ಅರ್ಜಿ ಅದ್ರೊಳ್ಗೇ ಐತಲ್ಲಮ್ಮ! ಯಾರು ಲೋಟ ಮಡಗಿದ್ದು?" ಎಂದು ಸರ್ ಕೂಗಾಡಿದರು. "ನಾನೇ ಸರ್, ತಪ್ಪು ನಂದೇ" ಅಂದೆ ನೀನು. ನಾನು ಫೈಲಿನ ಹಾಳೆಗಳನ್ನು ಜೋಡಿಸತೊಡಗಿದೆ.

ಅಷ್ಟರಲ್ಲಾಗಲೇ ನೀನು ಗೋಡೆಯ ಪ್ಲಗ್ ಕಿತ್ತಾಗಿತ್ತು. "ಯಾರೂ ಆನ್ ಮಾಡ್ಬೇಡಿ. ಹಸಿ ಇದ್ದಾಗ ಕರೆಂಟ್ ಹರಿದ್ರೆ ಬೋರ್ಡೇ ಸುಟ್ಟೋಯ್ತದೆ" ಅಂದೆ. ನೀನೇ ಮುಚ್ಚಳ ಬಿಚ್ಚಿ, ಓರೆಯಾಗಿಸಿ ಟೀ ಬಸಿದೆ. ಒಂದೊಂದೇ ಭಾಗ ತೆಗೆದು ಪೇಪರ್ ಮೇಲೆ ಜೋಡಿಸಿದೆ. ಸಕ್ಕರೆಯ ಅಂಟನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಎರಡು ದಿನ ಫ್ಯಾನಿನ ಗಾಳಿಗೆ ಬಿಟ್ಟೆ. ಮೊದಲ ದಿನವೇ, ಹಸಿ ಆರುವ ಮುನ್ನ, ಎಲ್ಲವನ್ನೂ ಮತ್ತೆ ಜೋಡಿಸಿ ಸ್ವಿಚ್ ಒತ್ತಿಬಿಡಬೇಕೆಂದು ನನಗೆ ಅನ್ನಿಸಿತ್ತು, ಸುಹಾನಾ. ಪೇಪರ್ ಮೇಲಿದ್ದ ಬೋರ್ಡಿನ ತನಕ ಕೈ ಹೋಗಿತ್ತು. ಹೊರಗೆ ಸರ್ ಕೆಮ್ಮಿದರು, ಹಿಂದೆಗೆದೆ.

ಮೂರನೆಯ ದಿನ ನೀನು ಆನ್ ಮಾಡಿದಾಗ ಒಳಗಿನ ಫ್ಯಾನು ತಿರುಗಿತು, ಪರದೆ ಬರಲಿಲ್ಲ. ಉದ್ದುದ್ದಕ್ಕೆ ಬೀಪ್ ಬೀಪ್ ಅಂತ ಒಂದೇ ಅರಚಾಟ. "ಹೋಯ್ತು ಬುಡು" ಎಂದು ಸರ್ ತಲೆ ಮೇಲೆ ಕೈಯಿಟ್ಟರು. ನನ್ನೊಳಗೆ ಹಾಲು ಕುಡಿದಷ್ಟು ಸಂತೋಷ. ನೀನು ಮತ್ತೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಅದು ಕೂರುವ ಸಂದಿಯನ್ನು ಬ್ರಶ್ಶಿನಿಂದ ಕೆರೆದೆ. ಒತ್ತಿ ಕೂರಿಸಿದೆ. ಈ ಸಲ ಚಿಕ್ಕದೊಂದು ಬೀಪ್. ಪರದೆ ಬೆಳಗಿತು. ಅರವತ್ತು ಅರ್ಜಿಗಳೂ ಇದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುವಾರ ಸರ್ ನಿನ್ನನ್ನೇ ಬಿಡದಿಗೆ ಕಳಿಸಿದರು.

ಹೊಟ್ಟೆಕಿಚ್ಚು ಆರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಫೋನು ಬಂದಾಗ ಮೊದಲು ಮೂಡಿದ್ದು ಖುಷಿಯಲ್ಲ, ಇದನ್ನೂ ಇವಳೇ ಕೊಡಬೇಕಾಯಿತಲ್ಲ ಎಂಬ ಉರಿ. ಅಂಥವಳನ್ನು ದಿನವೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೇ ಎಂದು ನೀನು ತಿಳಿದೇ ತೀರ್ಮಾನಿಸಬೇಕು.

ಈ ಕಾಗದವನ್ನು ನಿಮ್ಮಪ್ಪನ ಅಂಗಡಿಯಲ್ಲಿ ಕೊಡುತ್ತೇನೆ. ಭಾನುವಾರ ಮನೆಗೆ ಬಂದಾಗ ಓದು. ಓದಿದ ಮೇಲೂ "ಬಾ" ಅನ್ನುವುದಾದರೆ ಒಂದು ಫೋನು ಮಾಡು, ಮೊದಲ ಬಸ್ಸಿಗೆ ಹೊರಡುತ್ತೇನೆ. ಮಾಡದಿದ್ದರೆ ಅಮ್ಮನಿಗೆ ನಿಜವನ್ನೇ ಹೇಳುತ್ತೇನೆ.

ಎಲ್ಲಿದ್ದರೂ ನಿನ್ನ ಕೈಗುಣ ಹೀಗೇ ಇರಲಿ, ಸುಹಾನಾ. ಇದಿಷ್ಟನ್ನು ಮಾತ್ರ ಹೊಟ್ಟೆಕಿಚ್ಚಿಲ್ಲದೆ ಬರೆದಿದ್ದೇನೆ.

ನಿನ್ನ ಫೋನಿಗೆ ಕಾಯುವ,
ಭಾನುಪ್ರಿಯ